ಒಂದೇ ಪೊಟ್ಟಣ, ನಾಲ್ಕು ತಲೆಮಾರು: ವೈಯೀಸ್ಟ್ 3763 ರೂಸಲಾರ ಮಿಶ್ರ ಯೀಸ್ಟಿನ ವಿಮರ್ಶೆ

ಯೀಸ್ಟ್ ಪೊಟ್ಟಣವೊಂದನ್ನು ಒಂದು ಸಲ ಬಳಸಿ, ಅದರಿಂದಾದ ಬಿಯರನ್ನು ಕುಡಿದು ನೋಡಿ ಅಭಿಪ್ರಾಯ ಬರೆಯುವುದು ವಾಡಿಕೆ. ವೈಯೀಸ್ಟ್ ಕಂಪನಿಯ 3763 ಸಂಖ್ಯೆಯ ರೂಸಲಾರ ಏಲ್ ಬ್ಲೆಂಡನ್ನು ಹಾಗೆ ಅಳೆಯಲು ಹೋದರೆ ತಪ್ಪು ತೀರ್ಮಾನಕ್ಕೆ ಬರುವುದು ಬಹುತೇಕ ಖಚಿತ. ಇದು ಬಳಸಿ ಬಿಸಾಡುವ ಸಾಮಗ್ರಿಯಲ್ಲ, ಉಳಿಸಿಕೊಂಡು ಹೋಗಬೇಕಾದ ಹೆಪ್ಪು. ನಾನು ಇದನ್ನು ಮೊದಲ ಸಲ ಕೊಂಡದ್ದು 2019ರ ಮಾರ್ಚಿನಲ್ಲಿ. ಅದೇ ಪೊಟ್ಟಣದ ಗಸಿಯಿಂದ ನಾಲ್ಕು ಸಲ ಹುಳಿ ಬಿಯರ್ ಮಾಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಮೊದಲ ಬಿಯರಿಗಿಂತ ಎರಡನೆಯದು ಬಹಳ ಮೇಲಾಗಿತ್ತು, ಮೂರನೆಯದು ಎಚ್ಚರ ಬೇಡಿತು, ನಾಲ್ಕನೆಯದು ನನ್ನದೇ ಅಲಕ್ಷ್ಯದಿಂದ ಕೆಟ್ಟಿತು.

ಮನೆಯಲ್ಲಿ ಬಿಯರ್ ಮಾಡಿ ಅಭ್ಯಾಸವಿಲ್ಲದವರಿಗೆ ಒಂದೆರಡು ಮಾತು ಅಗತ್ಯ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಿಹಿ ರಸಕ್ಕೆ ವರ್ಟ್ ಎಂದು ಹೆಸರು. ಅದನ್ನು ಹಾಪ್ಸ್ ಹೂವಿನೊಂದಿಗೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿದರೆ ಸಾಮಾನ್ಯ ಬಿಯರ್ ಎರಡು ಮೂರು ವಾರಗಳಲ್ಲಿ ಸಿದ್ಧವಾಗುತ್ತದೆ. ಸಾಮಾನ್ಯ ಬಿಯರಿಗೆ ಬಳಸುವುದು ಒಂದೇ ಜಾತಿಯ ಯೀಸ್ಟ್. ಬೇರೆ ಯಾವ ಜೀವಿ ಸೇರಿದರೂ ಅದು ಕೆಟ್ಟ ಹಾಗೆ. ಬೆಲ್ಜಿಯಂನ ಹುಳಿ ಬಿಯರುಗಳಲ್ಲಿ ಈ ಲೆಕ್ಕ ತಲೆಕೆಳಗು. 3763ರ ಪೊಟ್ಟಣದಲ್ಲಿ ಒಂದು ಬೆಲ್ಜಿಯನ್ ಏಲ್ ಯೀಸ್ಟ್, ಒಂದು ಶೆರಿ ಯೀಸ್ಟ್, ಬ್ರೆಟ್ಟನೋಮೈಸಿಸ್ (ಚಿಕ್ಕದಾಗಿ ಬ್ರೆಟ್) ಎಂಬ ಕಾಡು ಯೀಸ್ಟಿನ ಎರಡು ಬಗೆ, ಜೊತೆಗೆ ಲ್ಯಾಕ್ಟೋಬ್ಯಾಸಿಲಸ್ ಮತ್ತು ಪೀಡಿಯೋಕಾಕಸ್ ಎಂಬ ಎರಡು ಜಾತಿಯ ಬ್ಯಾಕ್ಟೀರಿಯಾ ಒಟ್ಟಿಗೆ ಇವೆ. ಲ್ಯಾಕ್ಟೋಬ್ಯಾಸಿಲಸ್ ಎಂದರೆ ನಮ್ಮ ಮೊಸರಿಗೂ ದೋಸೆ ಹಿಟ್ಟಿಗೂ ಹುಳಿ ಕೊಡುವ ಬಳಗದ್ದೇ. ಬ್ರೆಟ್ಟನೋಮೈಸಿಸ್ ಹೆಸರು 1904ರಲ್ಲಿ ಬಂದದ್ದು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ನೀಲ್ಸ್ ಯೆಲ್ಟೆ ಕ್ಲಾವುಸೆನ್ ಇಂಗ್ಲೆಂಡಿನ ಬಿಯರುಗಳಲ್ಲಿ ಅದನ್ನು ಕಂಡುಕೊಂಡು ‘ಬ್ರಿಟಿಷ್ ಶಿಲೀಂಧ್ರ’ ಎಂಬ ಅರ್ಥದ ಆ ಹೆಸರನ್ನು ಇಟ್ಟ. ಹೆಸರು ಬ್ರಿಟಿಷರದ್ದಾದರೂ ಇಂದು ಅದರ ಕೀರ್ತಿಯೆಲ್ಲ ಬೆಲ್ಜಿಯಂಗೇ ಸಂದಿದೆ.

ರೂಸಲಾರ ಎಂಬುದು ಪಶ್ಚಿಮ ಫ್ಲಾಂಡರ್ಸಿನ ಒಂದು ಊರು. 1821ರಲ್ಲಿ ಆರಂಭವಾದ ರೋಡೆನ್‌ಬಾಕ್ ಎಂಬ ಬಿಯರ್ ತಯಾರಿಕಾ ಮನೆ ಇರುವುದು ಅಲ್ಲಿಯೇ. ಆಳೆತ್ತರವನ್ನೂ ಮೀರಿದ ಓಕ್ ಮರದ ಪೀಪಾಯಿಗಳಲ್ಲಿ ಎರಡು ವರ್ಷ ಕೂತು ಹುಳಿಯಾದ ಬಿಯರನ್ನು ಹೊಸ ಬಿಯರಿನೊಡನೆ ಬೆರೆಸುವುದು ಆ ಮನೆಯ ಪದ್ಧತಿ: ಅವರ ಸಾಮಾನ್ಯ ಬಿಯರಿನಲ್ಲಿ ಹಳೆಯದು ಕಾಲು ಭಾಗ, ಗ್ರಾನ್ ಕ್ರೂ ಎಂಬುದರಲ್ಲಿ ಮೂರನೆಯ ಎರಡು ಭಾಗ. ಅದೇ ಸೀಮೆಯ ಎಸೆನ್ ಊರಿನ ದ ದೊಲ್ಲೆ ಎಂಬ ಚಿಕ್ಕ ತಯಾರಕರು 1990ರ ದಶಕದ ಕೊನೆಯವರೆಗೂ ತಮ್ಮ ಯೀಸ್ಟನ್ನು ರೋಡೆನ್‌ಬಾಕ್‌ನಿಂದಲೇ ತರುತ್ತಿದ್ದರು. ಪಕ್ಕದ ಮನೆಗೆ ಬಟ್ಟಲು ಹಿಡಿದು ಹೆಪ್ಪು ಕೇಳಲು ಹೋಗುವ ನಮ್ಮ ರೂಢಿ ಅಲ್ಲಿಯೂ ಇತ್ತೆಂದು ತಿಳಿದಾಗ ನನಗೆ ಖುಷಿಯೇ ಆಯಿತು. ರೋಡೆನ್‌ಬಾಕ್ ಬೇರೆ ಕಂಪನಿಯ ಕೈಸೇರಿ ಆ ಸರಬರಾಜು ನಿಂತ ಮೇಲೆ ದ ದೊಲ್ಲೆಯವರು ತಮ್ಮದೇ ಹೆಪ್ಪನ್ನು ಸಾಕಿಕೊಳ್ಳಬೇಕಾಯಿತು. ಇದಕ್ಕೆ ವ್ಯತಿರಿಕ್ತವಾಗಿ, ಬ್ರಸೆಲ್ಸಿನ ಕಾಂಟಿಯೋನ್‌ನಂಥ, ಲ್ಯಾಂಬಿಕ್ ಎಂಬ ಹುಳಿ ಬಿಯರಿನ ತಯಾರಕರು ಹೆಪ್ಪನ್ನೇ ಹಾಕುವುದಿಲ್ಲ. ಬಿಸಿ ವರ್ಟನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ತಣಿಯಲು ಬಿಟ್ಟು, ಗಾಳಿಯಿಂದಲೂ ಆಮೇಲೆ ಪೀಪಾಯಿಯ ಮರದಿಂದಲೂ ಬರುವ ಜೀವಿಗಳನ್ನೇ ನಂಬುತ್ತಾರೆ. ಆದ್ದರಿಂದ ಗಸಿಯನ್ನು ಮರುಬಳಸುವ ವಿದ್ಯೆ ಲ್ಯಾಂಬಿಕ್‌ನ ಬಳಿಯಲ್ಲಿಲ್ಲ, ಫ್ಲಾಂಡರ್ಸಿನ ಕೆಂಪು ಮತ್ತು ಕಂದು ಬಿಯರುಗಳ ಬಳಿ ಇದೆ. ಈ ಪೊಟ್ಟಣಕ್ಕೆ ಆ ಊರಿನ ಹೆಸರು ಒಪ್ಪುತ್ತದೆ.

ನಾನಿರುವುದು ಅಮೆರಿಕದ ಒರೆಗಾನ್ ರಾಜ್ಯದಲ್ಲಿ. ವೈಯೀಸ್ಟ್ 1986ರಿಂದ ಯೀಸ್ಟ್ ತಯಾರಿಸುತ್ತಿರುವುದು ಇದೇ ರಾಜ್ಯದ ಹುಡ್ ರಿವರ್ ಪ್ರದೇಶದಲ್ಲಿ. ಇಲ್ಲಿ ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳುವುದು 1978ರ ಕಾನೂನಿನ ನಂತರ ಅಪರಾಧವಲ್ಲ. ಕರ್ನಾಟಕದಲ್ಲಿ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲವಾದ್ದರಿಂದ ಊರಿನ ಓದುಗರು ಇದನ್ನು ಓದಿನ ಮಟ್ಟಿಗಷ್ಟೇ ಇಟ್ಟುಕೊಳ್ಳುವುದು ಕ್ಷೇಮ.

ಪೊಟ್ಟಣ ಅಂಗೈಗಿಂತ ಸ್ವಲ್ಪ ದೊಡ್ಡದು, 125 ಮಿಲಿಲೀಟರ್. ಒಳಗೆ ಪೋಷಕಾಂಶ ತುಂಬಿದ ಇನ್ನೊಂದು ಪುಟ್ಟ ಚೀಲವಿರುತ್ತದೆ. ಅದನ್ನು ಅಂಗೈಯಿಂದ ಬಲವಾಗಿ ಗುದ್ದಿ ಒಡೆದು ಕೆಲವು ಗಂಟೆ ಇಟ್ಟರೆ ಪೊಟ್ಟಣ ಉಬ್ಬಿ ನಿಲ್ಲುತ್ತದೆ. ಸಾಮಾನ್ಯ ಯೀಸ್ಟಾದರೆ ಅದನ್ನು ಮೊದಲೇ ಸ್ವಲ್ಪ ವರ್ಟಿನಲ್ಲಿ ಬೆಳೆಸಿ ಹೆಚ್ಚಿಸಿಕೊಳ್ಳುವುದುಂಟು. ಮಿಶ್ರ ಹೆಪ್ಪಿನಲ್ಲಿ ಹಾಗೆ ಮಾಡಬಾರದು, ಏಕೆಂದರೆ ವೇಗವಾಗಿ ಬೆಳೆಯುವ ಜೀವಿಯೇ ಎಲ್ಲವನ್ನೂ ಆಕ್ರಮಿಸಿ ಕಂಪನಿಯವರು ಕೂಡಿಸಿದ ಪ್ರಮಾಣ ಕೆಟ್ಟುಹೋಗುತ್ತದೆ. ನಾನು ಹಾಗೆಯೇ ನೇರವಾಗಿ 19 ಲೀಟರ್ ವರ್ಟಿಗೆ ಸುರಿದೆ. ವಿಯೆನ್ನಾ ಮತ್ತು ಮ್ಯೂನಿಕ್ ಮಾಲ್ಟಿನ ಜೊತೆ ಸ್ವಲ್ಪ ಕಡುಬಣ್ಣದ ಮಾಲ್ಟ್, ಆರಂಭದ ಸಾಂದ್ರತೆ 1.054, ಹಾಪ್ಸಿನ ಕಹಿ 10 ಐಬಿಯು. ಮಾಲ್ಟನ್ನು ನೆನೆಸುವಾಗ ಉಷ್ಣತೆಯನ್ನು ಬೇಕೆಂದೇ 69 ಡಿಗ್ರಿಯಲ್ಲಿ ಇರಿಸಿದ್ದೆ. ಹಾಗೆ ಮಾಡಿದರೆ ಸಾಮಾನ್ಯ ಯೀಸ್ಟಿಗೆ ದಕ್ಕದ ಡೆಕ್ಸ್‌ಟ್ರಿನ್ ಎಂಬ ಜಟಿಲ ಸಕ್ಕರೆಗಳು ಹೆಚ್ಚು ಉಳಿಯುತ್ತವೆ, ಬ್ರೆಟ್ಟನೋಮೈಸಿಸ್‌ಗೆ ಮತ್ತು ಬ್ಯಾಕ್ಟೀರಿಯಾಕ್ಕೆ ಮುಂದಿನ ತಿಂಗಳುಗಳ ಊಟ ಅದೇ.

ಕಂಪನಿಯೇ ಹೇಳುವ ಪ್ರಕಾರ ರುಚಿಯೂ ಹುಳಿಯೂ ಪೂರ್ಣವಾಗಿ ಕೂಡಲು 18 ತಿಂಗಳವರೆಗೂ ಬೇಕಾಗಬಹುದು. ನಾನು 14 ತಿಂಗಳು ಕಾದೆ. ಬಂದದ್ದು ಸೊಗಸಾದ, ಚೆರ್ರಿಯ ಹಾಗೂ ಹಳೆಯ ಮರದ ವಾಸನೆಯ, ಆದರೆ ಹುಳಿಯಲ್ಲಿ ಸೌಮ್ಯವಾದ ಬಿಯರ್. ಪಿಎಚ್ ಅಳೆದಾಗ 3.7 ತೋರಿಸಿತು, ಸಾಮಾನ್ಯ ಬಿಯರ್ 4.2ರಿಂದ 4.5ರಲ್ಲಿರುತ್ತದೆ, ಹುಳಿ ಬಿಯರೆಂದು ನಾಲಗೆ ಒಪ್ಪಬೇಕಾದರೆ 3.5ಕ್ಕಿಂತ ಕೆಳಗಿಳಿದರೆ ಚೆನ್ನ. ಈ ಯೀಸ್ಟನ್ನು ಬಳಸಿದ ಹಲವರು ಮೊದಲ ಬಿಯರಿನ ಬಗ್ಗೆ ಹೇಳುವ ಮಾತೂ ಇದೇ, ಮತ್ತು ಇದು ಪೊಟ್ಟಣದ ದೋಷವಲ್ಲ. ಹೊಸ ಪೊಟ್ಟಣದಲ್ಲಿ ಏಲ್ ಯೀಸ್ಟ್ ತಾಜಾ ಇರುತ್ತದೆ. ಬ್ಯಾಕ್ಟೀರಿಯಾ ಕಣ್ಣು ಬಿಡುವಷ್ಟರಲ್ಲಿ ಅದು ಮೊದಲ ವಾರದಲ್ಲೇ ಸುಲಭವಾದ ಸಕ್ಕರೆಯನ್ನೆಲ್ಲ ತಿಂದು ಮುಗಿಸಿರುತ್ತದೆ. ಮೇಲಾಗಿ ಲ್ಯಾಕ್ಟೋಬ್ಯಾಸಿಲಸ್‌ಗೆ ಹಾಪ್ಸ್ ಎಂದರೆ ಆಗದು. 10 ಐಬಿಯು ಕೂಡ ಅದನ್ನು ಕಟ್ಟಿಹಾಕುವುದಕ್ಕೆ ಸಾಕಾಗಬಹುದು. ಉಳಿದವರು ಪೀಡಿಯೋಕಾಕಸ್ ಮತ್ತು ಬ್ರೆಟ್, ಇಬ್ಬರೂ ನಿಧಾನ.

ನಿಜವಾದ ವಿಮರ್ಶೆ ಆರಂಭವಾಗುವುದು ಬಿಯರ್ ಹುದುಗುತ್ತಿದ್ದ ಕಾರ್ಬಾಯಿಯನ್ನು, ಅಂದರೆ ಕಿರಿದಾದ ಬಾಯಿಯ ದೊಡ್ಡ ಜಾಡಿಯನ್ನು, ಖಾಲಿ ಮಾಡಿದ ದಿನ. ಬಿಯರನ್ನು ಮೇಲಿಂದ ಸೈಫನ್ ಮಾಡಿ ತೆಗೆದ ಮೇಲೆ ತಳದಲ್ಲಿ ಎರಡು ಬೆರಳು ದಪ್ಪದ ಗಸಿ ಉಳಿದಿತ್ತು. ಸಾಮಾನ್ಯ ಬಿಯರಿನ ಗಸಿಯನ್ನು ವರ್ಷಗಟ್ಟಲೆ ಬಿಟ್ಟರೆ ಸತ್ತ ಯೀಸ್ಟ್ ಒಡೆದು ಮಾಂಸದಂಥ ಕೆಟ್ಟ ವಾಸನೆ ಬರುತ್ತದೆ. ಇದರಲ್ಲಿ ಬರುವುದಿಲ್ಲ, ಏಕೆಂದರೆ ಸತ್ತವುಗಳಿಂದ ಹೊರಬಿದ್ದದ್ದನ್ನು ಬ್ರೆಟ್ಟನೋಮೈಸಿಸ್ ತಿಂದುಕೊಂಡು ಬದುಕುತ್ತದೆ. ಲ್ಯಾಂಬಿಕ್ ತಯಾರಕರು ಬಿಯರನ್ನು ಮೂರು ವರ್ಷದವರೆಗೂ ಅದೇ ಪೀಪಾಯಿಯಲ್ಲಿ ಗಸಿಯ ಮೇಲೆಯೇ ಬಿಡುವುದು ಇದೇ ಧೈರ್ಯದಿಂದ. ಮೂಸಿ ನೋಡಿದೆ: ಹಳೆಯ ಸೇಬು, ಒದ್ದೆ ಚರ್ಮ, ಮಳೆಯಲ್ಲಿ ನೆನೆದ ಕೊಟ್ಟಿಗೆಯ ಹುಲ್ಲು. ಹೆಂಡತಿ ಗ್ಯಾರೇಜಿನ ಬಾಗಿಲಲ್ಲೇ ನಿಂತು, “ಇದನ್ನೂ ಎತ್ತಿಡುತ್ತೀರಾ?” ಎಂದು ಕೇಳಿದಳು. ಒಂದು ಲೋಟದಷ್ಟನ್ನು, ಸುಮಾರು 250 ಮಿಲಿಲೀಟರ್, ಅದೇ ದಿನ ಮಾಡಿದ್ದ ಹೊಸ ವರ್ಟಿಗೆ ಹಾಕಿ, ಉಳಿದದ್ದರಲ್ಲಿ ಸ್ವಲ್ಪವನ್ನು ಬಿಸಿನೀರಿನಲ್ಲಿ ತೊಳೆದ ಗಾಜಿನ ಜಾಡಿಗೆ ತುಂಬಿ ಫ್ರಿಜ್ಜಿನ ಹಿಂಬದಿಯಲ್ಲಿಟ್ಟೆ. ಜಾಡಿಯ ಮುಚ್ಚಳವನ್ನು ಪೂರ್ತಿ ಬಿಗಿ ಮಾಡಬಾರದು. ಒಳಗಿನ ಜೀವಿಗಳು ತಣ್ಣಗಾದರೂ ಸುಮ್ಮನಿರುವವಲ್ಲ.

ಎರಡನೆಯ ತಲೆಮಾರಿನ ವರ್ತನೆ ಮೊದಲಿನಿಂದಲೇ ಬೇರೆಯಾಗಿತ್ತು. ನೊರೆ ಏಳುವುದು ಒಂದು ದಿನ ತಡವಾಯಿತು, ಆದರೆ ಆರನೆಯ ವಾರಕ್ಕೇ ಬಿಯರಿನ ಮೇಲೆ ತೆಳುವಾದ ಬಿಳಿಯ ಪದರ ಕಟ್ಟಿತು. ಮೊದಲ ಸಲ ನೋಡುವವರು ಬೂಷ್ಟು ಬಂತೆಂದು ಹೆದರುತ್ತಾರೆ. ಕಾಯಿಸಿದ ಹಾಲು ಆರಿದಾಗ ಕಟ್ಟುವ ಕೆನೆಯಂತೆ ಸುಕ್ಕುಸುಕ್ಕಾಗಿ, ಅಲ್ಲಲ್ಲಿ ಗುಳ್ಳೆ ಹಿಡಿದು ನಿಲ್ಲುವ ಈ ಪದರ ಬ್ರೆಟ್ ಮತ್ತಿತರ ಜೀವಿಗಳು ಗಾಳಿಯ ಸಂಪರ್ಕದಲ್ಲಿ ಕಟ್ಟಿಕೊಳ್ಳುವ ಹೊದಿಕೆ. ರೋಮದಂತೆ ಎದ್ದು ಹಸಿರು ಅಥವಾ ಕಪ್ಪು ಬಣ್ಣ ತಳೆದರೆ ಮಾತ್ರ ಅದು ಬೂಷ್ಟು. ಹತ್ತು ತಿಂಗಳಿಗೆ ಪಿಎಚ್ 3.3ಕ್ಕೆ ಇಳಿದಿತ್ತು, ಸಾಂದ್ರತೆ 1.004ಕ್ಕೆ. ಹುಳಿ ನಾಲಗೆಯ ಎರಡು ಬದಿಗಳನ್ನು ಹಿಡಿದು ಎಳೆಯಿತಾದರೂ ಚೆರ್ರಿಯ ವಾಸನೆ ಹಾಗೆಯೇ ಉಳಿದಿತ್ತು, ಕೊನೆಯಲ್ಲಿ ಬಾಯಿ ಒಣಗಿ ಮತ್ತೊಂದು ಗುಟುಕು ಕೇಳುವಂತಿತ್ತು. ಪೊಟ್ಟಣಕ್ಕೆ ಕೊಟ್ಟ ಹದಿನೈದು ಡಾಲರು ಸಂದಾಯವಾದದ್ದು ನನ್ನ ಲೆಕ್ಕದಲ್ಲಿ ಆ ದಿನವೇ.

ಎರಡೂ ಸಲ ಮಾಲ್ಟು, ಹಾಪ್ಸು, ಉಷ್ಣತೆ ಹೆಚ್ಚು ಕಡಿಮೆ ಒಂದೇ. ಬದಲಾದದ್ದು ಗಸಿಯೊಳಗಿನ ಜನಸಂಖ್ಯೆ. ಹದಿನಾಲ್ಕು ತಿಂಗಳ ಆಮ್ಲದಲ್ಲಿ ಏಲ್ ಯೀಸ್ಟಿನ ಬಹುಭಾಗ ಸತ್ತಿರುತ್ತದೆ, ಬ್ರೆಟ್ ಮತ್ತು ಪೀಡಿಯೋಕಾಕಸ್ ಬೆಳೆದು ನಿಂತಿರುತ್ತವೆ. ಆದ್ದರಿಂದ ಮರುಬಳಕೆಯಲ್ಲಿ ಎಷ್ಟು ಗಸಿ ಎಂಬುದಕ್ಕಿಂತ ಎಷ್ಟು ಹಳೆಯ ಗಸಿ ಎಂಬುದು ಮುಖ್ಯ. ಮೂರು ನಾಲ್ಕು ವಾರದ ಗಸಿ ತೆಗೆದರೆ ಅದರಲ್ಲಿ ಏಲ್ ಯೀಸ್ಟೇ ತುಂಬಿರುವುದರಿಂದ ಮತ್ತೆ ಸೌಮ್ಯ ಬಿಯರೇ ಸಿಗುತ್ತದೆ. ವರ್ಷ ದಾಟಿದ ಗಸಿ ಹುಳಿಯನ್ನು ಧಾರಾಳವಾಗಿ ಕೊಡುತ್ತದೆ, ಬದಲಿಗೆ ಆರಂಭದ ಹುದುಗುವಿಕೆಗೆ ಬೇಕಾದ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಹುಳಿ ಮೊಸರಿನಿಂದ ಹೆಪ್ಪು ಹಾಕಿ ಬೆಳಗ್ಗೆ ಮುಖ ಕಿವುಚಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೆಯ ತಲೆಮಾರಿನಲ್ಲಿ ಇದನ್ನು ಪರೀಕ್ಷಿಸಿ ನೋಡೋಣವೆಂದು ದೊಡ್ಡ ಕಾರ್ಬಾಯಿಯ ಜೊತೆಗೆ ನಾಲ್ಕು ಲೀಟರಿನ ಎರಡು ಜಾಡಿಗಳನ್ನೂ ತುಂಬಿಸಿದೆ. ಎರಡಕ್ಕೂ ಅದೇ ವರ್ಟ್, ಅಷ್ಟೇ ಗಸಿ. ಒಂದಕ್ಕೆ ಮಾತ್ರ ಒಣ ಏಲ್ ಯೀಸ್ಟಾದ ಸೇಫ್‌ಏಲ್ ಯುಎಸ್-05ನ್ನು ಒಂದು ಚಿಟಿಕೆ ಸೇರಿಸಿದೆ. ಯೀಸ್ಟ್ ಸೇರಿಸಿದ ಜಾಡಿಯ ಏರ್‌ಲಾಕ್, ಅಂದರೆ ಒಳಗಿನ ಗ್ಯಾಸನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ ನೀರು ತುಂಬಿದ ಪುಟ್ಟ ಕೊಳವೆ, ಹನ್ನೆರಡು ಗಂಟೆಯೊಳಗೆ ಗುಳುಗುಳು ಎನ್ನತೊಡಗಿತು. ಇನ್ನೊಂದು ಮೂರು ದಿನ ಸತ್ತಂತೆ ಬಿದ್ದುಕೊಂಡಿತ್ತು, ನಾಲ್ಕನೆಯ ದಿನ ಅರೆಮನಸ್ಸಿನಿಂದ ಎದ್ದಿತು. ಸಿಹಿ ವರ್ಟ್ ಹಾಗೆ ಮೂರು ದಿನ ರಕ್ಷಣೆಯಿಲ್ಲದೆ ಕೂರುವುದು ಬೂಷ್ಟಿಗೆ ಕರೆದು ಮಣೆ ಹಾಕಿದಂತೆ. ಆರು ತಿಂಗಳ ನಂತರ ರುಚಿ ನೋಡಿದಾಗ, ಯೀಸ್ಟ್ ಸೇರಿಸದ ಜಾಡಿಯದು ಚುಚ್ಚುವ ಹುಳಿ, ಹಣ್ಣಿನ ವಾಸನೆಯೇ ಇಲ್ಲ. ಸೇರಿಸಿದ್ದರಲ್ಲಿ ಹುಳಿ ತುಸು ಕಡಿಮೆ, ಆದರೆ ಬಿಯರ್ ಎನ್ನುವಂತಿತ್ತು. ಅಂದಿನಿಂದ ಮೂರನೆಯ ಬಳಕೆಗೆ ತಾಜಾ ಏಲ್ ಯೀಸ್ಟ್ ಸೇರಿಸದೆ ನಾನು ಕಾರ್ಬಾಯಿ ಮುಚ್ಚುವುದಿಲ್ಲ.

ಅದೇ ಮೂರನೆಯ ತಲೆಮಾರಿನ ದೊಡ್ಡ ಕಾರ್ಬಾಯಿಯಲ್ಲಿ ಇನ್ನೊಂದು ನೋಟವೂ ಕಾದಿತ್ತು. ನಾಲ್ಕನೆಯ ತಿಂಗಳಲ್ಲಿ ಗಾಜಿನ ನಳಿಕೆಯಿಂದ ಸ್ವಲ್ಪ ಬಿಯರನ್ನು ಮೇಲೆತ್ತಿದರೆ ಅದು ತೊಟ್ಟಿಕ್ಕಲಿಲ್ಲ. ಬೆಲ್ಲದ ಪಾಕ ಒಂದೆಳೆಗೆ ಬಂದಾಗ ಹೇಗೋ ಹಾಗೆ ನಳಿಕೆಯ ತುದಿಯಿಂದ ಲೋಟದವರೆಗೆ ಎಳೆಯಾಗಿ ಇಳಿಯಿತು. ಬಾಯಿಗಿಟ್ಟರೆ ಬೆಂಡೆಕಾಯಿಯ ಲೋಳೆ, ಜೊತೆಗೆ ಬೆಣ್ಣೆಯ ವಾಸನೆ. ಇದು ಪೀಡಿಯೋಕಾಕಸ್‌ನ ಕೈವಾಡ: ಲೋಳೆಯಂಥ ಪಾಲಿಸ್ಯಾಕರೈಡನ್ನೂ ಬೆಣ್ಣೆಯ ವಾಸನೆಯ ಡೈಅಸಿಟೈಲನ್ನೂ ಅದು ಉತ್ಪಾದಿಸುತ್ತದೆ. ಬೆಲ್ಜಿಯಂನವರು ಇಂಥ ಹಂತವನ್ನು ಬಿಯರಿನ ‘ಕಾಯಿಲೆ’ ಎಂದೇ ಕರೆಯುತ್ತಾರೆ, ಔಷಧ ಕೊಡುವುದಿಲ್ಲ. ಜೊತೆಗಿರುವ ಬ್ರೆಟ್ ಎರಡನ್ನೂ ನಿಧಾನವಾಗಿ ಅರಗಿಸಿಕೊಳ್ಳುತ್ತದೆ. ಪೀಡಿಯೋಕಾಕಸ್ಸನ್ನು ಬ್ರೆಟ್ಟಿಲ್ಲದೆ ಒಂಟಿಯಾಗಿ ಬಳಸಬಾರದೆಂಬ ನಿಯಮ ಹುಟ್ಟಿದ್ದೇ ಇದರಿಂದ. ಎಂಟನೆಯ ತಿಂಗಳಿಗೆ ಬಿಯರ್ ನೀರಿನಂತೆ ಸುರಿಯಿತು. ಗೊತ್ತಿಲ್ಲದವರು ನಾಲ್ಕನೆಯ ತಿಂಗಳಲ್ಲೇ ಚರಂಡಿಗೆ ಚೆಲ್ಲಿರುತ್ತಿದ್ದರು, ಮತ್ತು ಪೊಟ್ಟಣದ ಮೇಲಿನ ಪುಟ್ಟ ಅಕ್ಷರಗಳು ಈ ವಿಷಯದಲ್ಲಿ ಯಾವ ಸಮಾಧಾನವನ್ನೂ ಹೇಳುವುದಿಲ್ಲ.

ನಾಲ್ಕನೆಯದರ ಕಥೆ ಚಿಕ್ಕದು. ಊರಿಗೆ ಹೋಗಿ ಆರು ವಾರ ಇದ್ದು ಬರುವಷ್ಟರಲ್ಲಿ ಏರ್‌ಲಾಕಿನ ನೀರು ಆರಿಹೋಗಿತ್ತು. ಗಾಳಿ ಸಿಕ್ಕರೆ ಬ್ರೆಟ್ ಕೂಡ ಅಸಿಟಿಕ್ ಆಮ್ಲ ಮಾಡುತ್ತದೆ, ಹೊರಗಿನಿಂದ ನುಸುಳಿದ ಅಸಿಟೋಬ್ಯಾಕ್ಟರಂತೂ ಮಾಡಿಯೇ ಮಾಡುತ್ತದೆ. 19 ಲೀಟರ್ ವಿನಿಗರ್ ಉಳಿಯಿತು. ಸಲಾಡಿಗೆ ಚೆನ್ನಾಗಿದೆಯೆಂದು ಗೆಳೆಯರು ಬಾಟಲಿಗಳಲ್ಲಿ ಒಯ್ದರು. ಆ ಗಸಿಯನ್ನು ಮಾತ್ರ ಮುಲಾಜಿಲ್ಲದೆ ಚೆಲ್ಲಿದೆ, ಏಕೆಂದರೆ ಅಸಿಟೋಬ್ಯಾಕ್ಟರ್ ಸೇರಿಕೊಂಡಿರಬಹುದಾದ ಹೆಪ್ಪನ್ನು ಮುಂದಿನ ಬಿಯರಿಗೆ ದಾಟಿಸುವುದು ಮೂರ್ಖತನ.

ಇದೇ ವರ್ಗದ ಬೇರೆ ಸರಕುಗಳ ಬಗ್ಗೆ ಒಂದೆರಡು ಮಾತು. ವೈಟ್ ಲ್ಯಾಬ್ಸಿನ ಡಬ್ಲ್ಯುಎಲ್‌ಪಿ 655 ಬೆಲ್ಜಿಯನ್ ಸೋರ್ ಮಿಕ್ಸ್‌ನಲ್ಲಿಯೂ ಏಲ್ ಯೀಸ್ಟ್, ಬ್ರೆಟ್, ಲ್ಯಾಕ್ಟೋಬ್ಯಾಸಿಲಸ್, ಪೀಡಿಯೋಕಾಕಸ್ ಇವೆ. ಮರುಬಳಕೆಯ ಮೇಲಿನ ತರ್ಕವೆಲ್ಲ ಅದಕ್ಕೂ ಅನ್ವಯಿಸುತ್ತದೆ. ವೈಯೀಸ್ಟಿನದೇ 3278 ಲ್ಯಾಂಬಿಕ್ ಬ್ಲೆಂಡ್ ತಿಳಿಬಣ್ಣದ, ಗೋಧಿ ಬೆರೆತ ಬಿಯರಿಗೆ ಹೊಂದುತ್ತದೆ. ಲ್ಯಾಲೆಮಂಡ್ ಕಂಪನಿಯ ಫಿಲ್ಲಿ ಸೋರ್ ಎಂಬ ಒಣ ಯೀಸ್ಟ್ ಆಲ್ಕೋಹಾಲನ್ನೂ ಲ್ಯಾಕ್ಟಿಕ್ ಆಮ್ಲವನ್ನೂ ತಾನೊಂದೇ ಮಾಡುವುದರಿಂದ ಕೆಲವೇ ವಾರದಲ್ಲಿ ಹುಳಿ ಬಿಯರ್ ಬೇಕಾದವರಿಗೆ ಅದು ಸಾಕು. ಆದರೆ ಅದು ಒಂದೇ ಜೀವಿ, ಬ್ರೆಟ್ಟಿನ ವಾಸನೆಯನ್ನು ಅದರಿಂದ ನಿರೀಕ್ಷಿಸುವಂತಿಲ್ಲ. ವರ್ಷ ಕಾಯುವ ತಾಳ್ಮೆಯಿಲ್ಲದವರು 3763ರ ತಂಟೆಗೆ ಹೋಗದೆ ನೇರವಾಗಿ ಅದನ್ನೇ ಕೊಳ್ಳಬಹುದು.

ಕೊಳ್ಳುವವರು ತಯಾರಿಕೆಯ ದಿನಾಂಕವನ್ನು ತಪ್ಪದೆ ನೋಡಬೇಕು. ಎರಡನೆಯ ಸಲ ಇದೇ ಪೊಟ್ಟಣವನ್ನು ಅಂಚೆಯಲ್ಲಿ ತರಿಸಿದಾಗ ಮಾರಾಟಗಾರನೊಬ್ಬ ಬೇಸಿಗೆಯ ನಡುವೆ ಐಸ್ ಚೀಲವಿಲ್ಲದೆ ಕಳಿಸಿದ್ದ, ದಿನಾಂಕವೂ ಏಳು ತಿಂಗಳು ಹಳೆಯದಾಗಿತ್ತು. ಬಿಸಿಗೆ ಮೊದಲು ಬಲಿಯಾಗುವುದು ಏಲ್ ಯೀಸ್ಟೇ ಆದ್ದರಿಂದ ಆ ಪೊಟ್ಟಣವನ್ನು ನಾನು ಹೊಸದೆಂದು ನಂಬದೆ, ಎರಡನೆಯ ತಲೆಮಾರಿನ ಗಸಿಯೆಂದೇ ಬಗೆದು ಜೊತೆಗೆ ಒಣ ಯೀಸ್ಟ್ ಸೇರಿಸಿದೆ. ಸಾಧ್ಯವಾದರೆ ಅಂಗಡಿಗೇ ಹೋಗಿ ಫ್ರಿಜ್ಜಿನಿಂದ ಆರಿಸಿ ತರುವುದು ಮೇಲು. ಇದಕ್ಕೆಂದೇ ಬೇರೆ ರಬ್ಬರ್ ಕೊಳವೆ, ಬೇರೆ ಪ್ಲಾಸ್ಟಿಕ್ ಬಕೆಟ್ ಇಟ್ಟುಕೊಳ್ಳುವ ಖರ್ಚನ್ನೂ ಬೆಲೆಯೊಳಗೆ ಸೇರಿಸಿ ನೋಡಬೇಕು. ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಬ್ರೆಟ್ ಒಮ್ಮೆ ಸೇರಿಕೊಂಡರೆ ಮುಂದಿನ ಸಾಮಾನ್ಯ ಬಿಯರಿನಲ್ಲೂ ಅದು ತಲೆ ಹಾಕುತ್ತದೆ.

ಈಗ ನಾನು ಗಸಿಯನ್ನು ಹೊರತೆಗೆಯುವ ಬದಲು ಶೆರಿ ತಯಾರಕರ ಸೊಲೆರಾ ಕ್ರಮವನ್ನು ಅನುಸರಿಸುತ್ತಿದ್ದೇನೆ: ವರ್ಷಕ್ಕೊಮ್ಮೆ ಕಾರ್ಬಾಯಿಯಿಂದ ಅರ್ಧದಷ್ಟು ಬಿಯರನ್ನು ಮಾತ್ರ ತೆಗೆದು, ಅಷ್ಟೇ ಪ್ರಮಾಣದ ಹೊಸ ಬಿಯರನ್ನು, ಅದೂ ಏಲ್ ಯೀಸ್ಟಿನಿಂದ ಮೊದಲೇ ಹುದುಗಿದ್ದನ್ನು, ಮೇಲಿಂದ ತುಂಬುತ್ತೇನೆ. ಹೀಗೆ ಮಾಡಿದರೆ ಹೊಸ ವರ್ಟನ್ನು ಎಬ್ಬಿಸುವ ಹೊಣೆ ಹಳೆಯ ಗಸಿಯ ಮೇಲೆ ಬೀಳುವುದಿಲ್ಲ, ಗಾಳಿಯೂ ಕಡಿಮೆ ಸೋಕುತ್ತದೆ. ತೆಗೆದ ಬಿಯರನ್ನು ಬಾಟಲಿಗೆ ತುಂಬುವಾಗ ಶಾಂಪೇನ್ ಯೀಸ್ಟನ್ನು ಸ್ವಲ್ಪ ಸೇರಿಸುತ್ತೇನೆ, ಇಲ್ಲದಿದ್ದರೆ ಅಷ್ಟು ಆಮ್ಲದಲ್ಲಿ ಗ್ಯಾಸ್ ಹಿಡಿಯಲು ತಿಂಗಳುಗಟ್ಟಲೆ ಬೇಕಾಗುತ್ತದೆ. ಏರ್‌ಲಾಕಿಗೆ ನೀರು ತುಂಬಿಸುವ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹೆಂಡತಿಯೇ ಗುರುತು ಹಾಕಿಟ್ಟಿದ್ದಾಳೆ, ಹಾಲಿನ ಲೆಕ್ಕದ ಪಕ್ಕದಲ್ಲಿ.